ಏಳನೇ ನಂಬರಿನ ಬಸ್ಸು

ಮೊದಲು ಬೇಕಾದದ್ದು ಬೆನ್ನುಮೂಳೆ.
ಪಿವಿಸಿ ಪೈಪು, ಮುಕ್ಕಾಲು ಇಂಚಿನದೇ ಆಗಬೇಕು,
ಅರ್ಧ ಇಂಚಿನದು ತಂದರೆ
ಗಾಳಿ ಬಂದಾಗೆಲ್ಲ ಬಾಗಿ ನಮಸ್ಕಾರ ಹಾಕುತ್ತದೆ ಹೆಣ.
ಸಸ್ಕಾಚೆವಾನಿನ ಈ ಬಯಲಲ್ಲಿ ಗಾಳಿಗೆ ಸ್ವಂತ ಮನೆಯಿಲ್ಲ,
ಎಲ್ಲರ ಅಂಗಳವೂ ತನ್ನದೇ ಅಂದುಕೊಂಡಿದೆ.

ತಲೆಗೆ ನಾಲ್ಕು ಲೀಟರಿನ ಹಾಲಿನ ಕ್ಯಾನು,
ತಿರುಗಿಸಿಟ್ಟರೆ ಹಿಡಿಕೆಯೇ ಮೂಗು.
ಕಣ್ಣಿಗೆ ತೂತು ಕೊರೆಯುತ್ತಿದ್ದಾಗ
ಮೆಟ್ರೊ ಬಾಗಿಲಲ್ಲಿ ಇಣುಕಿ ಕೇಳಿದ, "ಇದು ಯಾರು?"
ಯಾರೂ ಅಲ್ಲ ಅಂದೆ.
ಗಂಡನಿಗೆ ಹೇಳಿದ ಸಣ್ಣ ಸುಳ್ಳು.

ಚರ್ಮಕ್ಕೆ, ಪೇಂಟರುಗಳು ನೆಲಕ್ಕೆ ಹಾಸುವ ತೆಳು ಪ್ಲಾಸ್ಟಿಕ್ಕು.
ಸುತ್ತಿ, ಹೀಟ್ ಗನ್ ಹಿಡಿದರೆ
ಸುಕ್ಕುಗಟ್ಟಿ ಮೂಳೆಗೆ ಅಂಟುತ್ತದೆ.
ಹೆಚ್ಚು ಹೊತ್ತು ಹಿಡಿದರೆ ತೂತು,
ತೂತಾದರೆ ಇನ್ನೂ ಚೆಂದ.
ಮೇಲೆ ಮರಕ್ಕೆ ಬಳಿಯುವ ಕಂದು ಬಣ್ಣ ಹಚ್ಚಿ ಚಿಂದಿಯಿಂದ ಒರೆಸಿದರೆ
ನೂರು ವರ್ಷ ಮಣ್ಣಲ್ಲಿದ್ದು ಬಂದ ಹಾಗೆ, ಹತ್ತೇ ನಿಮಿಷದಲ್ಲಿ.
ಗ್ಯಾರೇಜಿನ ಬಾಗಿಲು ತೆರೆದಿಟ್ಟುಕೊಂಡು ಮಾಡಬೇಕು ಇದನ್ನೆಲ್ಲ,
ಆ ವಾಸನೆಗೆ ಮಾಡುವವಳೇ ಹೋಗಿಬಿಡಬಾರದು.

"ಈ ಸಲ ಥೀಮು ಏನು?" ಅಂದಳು ಎದುರುಮನೆ ಲೊರೇನ್.
ಅವಳದು ಮಾಟಗಾತಿಯ ಅಡುಗೆಮನೆ,
ಹ್ಯಾಲೋವೀನ್ ಬಂದರೆ ಪ್ರತಿ ವರ್ಷ ಅದೇ ಕಡಾಯಿ, ಅದೇ ಹೊಗೆ.
"ಬಸ್ಸು."
"ಬಸ್ಸಿಗೆ ಯಾರು ಹೆದರುತ್ತಾರೆ, ಮಾರಾಯ್ತಿ?"

ಹತ್ತೊಂಬತ್ತು ವರ್ಷ ಓಡಿಸಿದ್ದೆ ಏಳನೇ ನಂಬರಿನ ಸ್ಕೂಲ್ ಬಸ್ಸು.
ಜೂನಿನಲ್ಲಿ ಒಂದು ಕಾಗದ ಬಂತು,
ಮಕ್ಕಳು ಹನ್ನೊಂದೇ, ಆದ್ದರಿಂದ ಮಾರ್ಗ ರದ್ದು.
ಸಹಿಗೂ ಶಾಯಿ ಖರ್ಚು ಮಾಡಿರಲಿಲ್ಲ, ಅಚ್ಚು ಹಾಕಿದ್ದರು.

ಪ್ಯಾಲೆಟ್ಟಿನ ಹಲಗೆ ಜೋಡಿಸಿ ಕಟ್ಟಿದೆ.
ಹಳದಿ ಬಣ್ಣ ಸಾಲದೆ ರಸ್ತೆಗೆ ಕಾಣುವ ಎಡಗಡೆಗಷ್ಟೇ ಬಳಿದೆ,
ಹತ್ತುವ ಕಡೆ ಬರೀ ಮರ, ಬರೀ ಮೊಳೆ.
ಹೆಡ್‌ಲೈಟಿಗೆ ಉಪ್ಪಿನಕಾಯಿ ಜಾಡಿ, ಒಳಗೆ ಹಸಿರು ಬಲ್ಬು.
ಗುಜರಿ ಕಾರಿನ ವೈಪರ್ ಮೋಟಾರಿಗೆ ಸ್ಟಾಪ್ ಫಲಕ ಕಟ್ಟಿದೆ,
ತೆರೆಯಿತು ಮುಚ್ಚಿತು ತೆರೆಯಿತು ಮುಚ್ಚಿತು,
ಕಾಣದ ಯಾರನ್ನೋ ದಾಟಿಸುತ್ತಲೇ ಇತ್ತು.

ಮೊದಲ ಸೀಟಿನವನ ಬೂಟಿಗೆ ಲೇಸು ಕಟ್ಟಿಲ್ಲ.
ಮೂರನೆಯದರಲ್ಲಿ ಒಬ್ಬಳು ಕಿಟಕಿಗೆ ಹಣೆಯೂರಿ, ಬಾಯಿ ಬಿಟ್ಟು ನಿದ್ದೆ.
ಹಿಂದಿನ ಸಾಲಿನ ಇಬ್ಬರು ದವಡೆ ಕಳಚುವಷ್ಟು ನಗುತ್ತಿದ್ದಾರೆ,
ನನಗೆ ಮಾತ್ರ ಯಾವತ್ತೂ ಹೇಳದ ಅದೇ ಜೋಕಿಗೆ.
ಹನ್ನೊಂದು ಆಯಿತು.
ಡ್ರೈವರ್ ಸೀಟು ಖಾಲಿ, ಯಾಕೆಂದರೆ ಪೈಪು ಮುಗಿದಿತ್ತು.

ಆ ರಾತ್ರಿ ಹಿಮ ಬಿತ್ತು.
ದಪ್ಪ ಜಾಕೆಟ್ಟಿನ ಮೇಲೆ ವೇಷ ತೊಟ್ಟ ಮಕ್ಕಳು ಬಂದವು,
ಊದಿಕೊಂಡ ಒಂದು ಬಾವಲಿ, ಕೈಗವಸು ಹಾಕಿದ ಒಂದು ಹುಲಿ.
ಕೋಲ್ಬಿ ಲೇಸು ನೋಡಿ ಸುಮ್ಮನೆ ನಿಂತ. ತನ್ನ ಕಾಲು ನೋಡಿಕೊಂಡ.
"ನಾನೆಲ್ಲಿ ಬಾಯಿ ಬಿಟ್ಟು ಮಲಗ್ತೀನಿ!" ಟೆಸ್ಸಾ ಜಗಳಕ್ಕೇ ಬಂದಳು,
ಆಮೇಲೆ ಹತ್ತಿ, "ಸರಿ ಆಕಡೆ" ಅಂತ ಹೆಣವನ್ನೇ ತಳ್ಳಿ ಕೂತಳು.
ಒಬ್ಬರ ಹಿಂದೊಬ್ಬರು,
ಮೂಳೆಗಳನ್ನು ತೊಡೆಯ ಮೇಲೆ ಎಳೆದುಕೊಂಡು,
ಹಳೆಯ ಜಾಗಗಳಲ್ಲೇ.

ಕೆಳಗೆ ಉಳಿದವನೊಬ್ಬ ಪುಟ್ಟ.
ಸೆಪ್ಟೆಂಬರಿನಲ್ಲಿ ನನ್ನ ಬಸ್ಸು ಹತ್ತಬೇಕಿದ್ದವನು, ಹನ್ನೆರಡನೆಯವನು.
ಖಾಲಿ ಸೀಟನ್ನೇ ನೋಡುತ್ತಿದ್ದ.
"ಹೆದರಿಕೆ ಆಗ್ತಿದೆಯಾ?" ಅಂದೆ.
"ಇಲ್ಲ. ತಡ ಆಗ್ತಿದೆ."

ಹೋಗಿ ಕೂತೆ. ಕನ್ನಡಿ ಇಟ್ಟಿರಲಿಲ್ಲ,
ಆದರೂ ಕೈ ಮೇಲಕ್ಕೆ ಹೋಯಿತು ಸರಿಮಾಡಲು.

ಅಷ್ಟರಲ್ಲಿ ಬ್ಯಾಟರಿ ಸತ್ತಿತು.
ಸ್ಟಾಪ್ ಫಲಕ ಚಾಚಿದ ಹಾಗೇ ನಿಂತುಬಿಟ್ಟಿತು.
ರಸ್ತೆಯಲ್ಲಿ ಬರುತ್ತಿದ್ದ ಪಿಕಪ್ಪೊಂದು ವೇಗ ತಗ್ಗಿಸಿ,
ಪೂರ್ತಿ ನಿಂತು,
ಹಿಮದಲ್ಲಿ ದೀಪ ಉರಿಸಿಕೊಂಡು ಕಾದಿತ್ತು,
ನಾವು ದಾಟಲೆಂದು.